ಶಾಖಾಚಂದ್ರನ್ಯಾಯವೂ ಕಾಡಿನ ಛಾಯಾಚಿತ್ರವೂ

ಬಿದಿಗೆಯ ಚಂದ್ರನನ್ನು ಮಗುವಿಗೆ ತೋರಿಸಬೇಕಾದಾಗ ಹಿರಿಯರು ಮಾಡುವ ಉಪಾಯವೊಂದುಂಟು. ಆಕಾಶವು ವಿಶಾಲವಾದುದು, ಚಂದ್ರರೇಖೆಯು ಅತಿ ಸೂಕ್ಷ್ಮವಾದುದು. ಬರಿದೆ “ಅಲ್ಲಿ ನೋಡು” ಎಂದರೆ ಮಗುವಿನ ಕಣ್ಣು ಎಲ್ಲಿಯೂ ನಿಲ್ಲದು. ಆದುದರಿಂದ “ಆ ಮಾವಿನ ಕೊಂಬೆಯ ತುದಿಯಲ್ಲಿ ನೋಡು” ಎನ್ನುವರು. ಕೊಂಬೆಗೂ ಚಂದ್ರನಿಗೂ ಯಾವ ನಂಟೂ ಇಲ್ಲ. ಆದರೂ ಕೊಂಬೆಯನ್ನು ಹಿಡಿದ ಕಣ್ಣು ಚಂದ್ರನನ್ನು ಮುಟ್ಟುವುದು. ಇದಕ್ಕೆ ನಮ್ಮ ಶಾಸ್ತ್ರಕಾರರು ಶಾಖಾಚಂದ್ರನ್ಯಾಯವೆಂದು ಹೆಸರಿಟ್ಟಿರುವರು. ಕಾಡಿನ ಛಾಯಾಚಿತ್ರವನ್ನು ತೆಗೆಯುವವರಿಗೆ ಇದಕ್ಕಿಂತ ಉಪಯುಕ್ತವಾದ ಸೂತ್ರವು ಬೇರೊಂದಿಲ್ಲವೆಂದು ಈ ಸಲ ವಾಚಕ ಮಹಾಶಯರಲ್ಲಿ ವಿಜ್ಞಾಪಿಸಲು ಬಯಸುತ್ತೇವೆ.

ಈಗ ಮನೆಯಲ್ಲಿ ಎಷ್ಟು ಮಂದಿಯೋ ಅಷ್ಟು ಕ್ಯಾಮೆರಾಗಳು. ಮೊಬೈಲು ಫೋನಿಲ್ಲದ ಕೈಯೇ ವಿರಳ. ಚಿಕ್ಕಮಗಳೂರಿನಿಂದ ಸುಮಾರು ೨೦ ಕಿಲೋಮೀಟರು ದೂರದಲ್ಲಿರುವ ನಮ್ಮ ಆಲ್ದೂರಿನ ಆಸುಪಾಸಿನಲ್ಲಿ, ರಜೆಯ ದಿನಗಳಂದು ರಸ್ತೆಯ ಬದಿಗೆ ಕಾರು ನಿಲ್ಲಿಸಿ ಮರಗಳ ಚಿತ್ರವನ್ನು ತೆಗೆದುಕೊಳ್ಳದ ಪ್ರವಾಸಿಗಳಿಲ್ಲ. ಊರಿನವರೂ ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಆದರೂ ಎಲ್ಲರದೂ ಒಂದೇ ದೂರು: ಕಣ್ಣಿಗೆ ಕಂಡ ಕಾಡು ಚಿತ್ರದಲ್ಲಿ ಇಲ್ಲ, ಇರುವುದು ಬರಿಯ ಹಸಿರಿನ ಗೋಜಲು.

ಇದಕ್ಕೆ ಕಾರಣವನ್ನು ವಿಚಾರಿಸೋಣ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರು ಸೆಂಟಿಮೀಟರುಗಳ ಅಂತರವಿರುವುದು. ಎರಡೂ ಕಣ್ಣುಗಳು ತುಸು ಬೇರೆ ಬೇರೆಯಾಗಿ ಕಂಡ ನೋಟವನ್ನು ಮನಸ್ಸು ಒಂದುಗೂಡಿಸಿ, ಇದು ಹತ್ತಿರ, ಅದು ದೂರ ಎಂದು ತಿಳಿಯುವುದು. ನಾವು ಒಂದು ಹೆಜ್ಜೆ ನಡೆದರೆ ಹತ್ತಿರದ ಮರವು ಬೇಗ ಸರಿಯುವುದು, ದೂರದ ಮರವು ನಿಧಾನವಾಗಿ ಸರಿಯುವುದು. ಇದೂ ಒಂದು ಗುರುತು. ಕ್ಯಾಮೆರಾಕ್ಕಾದರೋ ಇರುವುದು ಒಕ್ಕಣ್ಣು, ಚಿತ್ರವು ಚಲಿಸದ ವಸ್ತು. ಬಯಲಿನಲ್ಲಿ ದಿಗಂತವೂ ಹಾದಿಯೂ ದೂರವನ್ನು ಹೇಳಿಕೊಡುತ್ತವೆ. ಕಾಡಿನಲ್ಲಿ ಅವೆರಡೂ ಇಲ್ಲ. ಅದರಲ್ಲಿಯೂ ನಮ್ಮ ಕಾಫಿಯ ತೋಟಗಳಲ್ಲಿ ಹಸಿರು ಮೂರು ಅಂತಸ್ತಿನದು: ಮೇಲೆ ಹಲಸು, ಅತ್ತಿ, ಸಿಲ್ವರ್ ಓಕ್ ಮೊದಲಾದ ನೆರಳಿನ ಮರಗಳು, ನಡುವೆ ಅವುಗಳನ್ನು ತಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿಯ ಗಿಡಗಳು. ಒಕ್ಕಣ್ಣಿನ ಯಂತ್ರಕ್ಕೆ ಇವೆಲ್ಲವೂ ಒಂದೇ ಗೋಡೆಗೆ ಬಳಿದ ಬಣ್ಣದಂತೆ ತೋರುವುವು.

ಈ ಗೋಡೆಯಲ್ಲಿ ಬಾಗಿಲು ತೆರೆಯುವುದೇ ಮುನ್ನೆಲೆಯ ಕೆಲಸ. ಚಿತ್ರದಲ್ಲಿ ನಮಗೆ ಅತ್ಯಂತ ಸಮೀಪದಲ್ಲಿರುವ ಭಾಗಕ್ಕೆ ಮುನ್ನೆಲೆಯೆಂದು ಹೆಸರು. ಅದು ಪಾಚಿ ಹಿಡಿದ ಕಲ್ಲಾಗಬಹುದು, ಬಿದ್ದ ಮರದ ಬೊಡ್ಡೆಯಾಗಬಹುದು, ಒಂದು ಜರಿಗಿಡವಾಗಬಹುದು, ತೋಟದೊಳಗಿನ ಕಾಲುಹಾದಿಯಾಗಬಹುದು. ಅದರಿಂದ ಆಗುವ ಪ್ರಯೋಜನಗಳು ಮೂರು. ಮೊದಲನೆಯದು, ಹತ್ತಿರದ್ದೊಂದು ಇರುವುದರಿಂದಲೇ ದೂರದ್ದು ದೂರವೆಂದು ತಿಳಿಯುವುದು. ಎರಡನೆಯದು, ಮೊಣಕಾಲೆತ್ತರದ ಜರಿಗಿಡದ ಹಿಂದೆ ನಿಂತಾಗಲೇ ಮರದ ಔನ್ನತ್ಯವು ಅರಿವಾಗುವುದು. ಮೂರನೆಯದು, ನೋಡುವವರಿಗೆ ತಾವು ಕಾಡಿನ ಹೊರಗಲ್ಲ, ಒಳಗೆ ನಿಂತಿರುವೆವೆಂಬ ಭಾವವುಂಟಾಗುವುದು.

ಇದಕ್ಕೆ ನಾವು ಕಂಡ ಒಂದು ನಿದರ್ಶನವನ್ನು ಹೇಳಬೇಕು. ನಮಗೆ ಪರಿಚಿತವಾದ ಒಂದು ಮನೆಯಲ್ಲಿ ಆಸ್ತಿಯ ಪಾಲಾಯಿತು. ಮನೆಯ ಹಿಂದಿನ ಕಾನೂ, ಅದರೊಳಗೆ ಹೋಗುವ ಹಾದಿಯೂ ಇನ್ನೊಬ್ಬರ ಪಾಲಿಗೆ ಸೇರಿದುವು. ಬೇಸಗೆಯೊಳಗೆ ಬೇಲಿ ಬರುವುದೆಂದು ನಿಶ್ಚಯವಾಯಿತು. ಮನೆಯ ಹಿರಿಯಾಕೆಗೆ ಎಂಬತ್ತು ದಾಟಿದ ವಯಸ್ಸು, ನಡೆಯುವ ಶಕ್ತಿಯಿಲ್ಲ. ಮದುವೆಯಾಗಿ ಬಂದಂದಿನಿಂದ ದನಗಳ ಹಿಂದೆ, ಸೊಪ್ಪಿನ ಹೊರೆಯ ಹಿಂದೆ ಆಕೆ ತಿರುಗಿದ ಹಾದಿ ಅದು. ಅದನ್ನೊಮ್ಮೆ ನೋಡಬೇಕೆಂದು ಆಕೆ ಆಸೆಪಟ್ಟರು. ಬೆಂಗಳೂರಿನಿಂದ ಬಂದಿದ್ದ ಮೊಮ್ಮಗನು ಕಾನಿನೊಳಗೆ ಹೋಗಿ ಇಪ್ಪತ್ತು ಚಿತ್ರಗಳನ್ನು ತೆಗೆದು ತಂದನು. ಅಜ್ಜಿ ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿ, “ಇದು ಯಾವ ಕಾಡೋ ಮಗಾ?” ಎಂದರು.

ಹುಡುಗನು ಮುಖ ಬಾಡಿಸಿಕೊಂಡು ನಮ್ಮಲ್ಲಿಗೆ ಬಂದು, “ಮೇಷ್ಟ್ರೇ, ಮರಗಳೆಲ್ಲ ಚೆನ್ನಾಗಿಯೇ ಬಂದಿವೆ, ಆದರೂ ಅಜ್ಜಿಗೆ ಗುರುತು ಸಿಗಲಿಲ್ಲ” ಎಂದನು. ನಾವು, “ನಿಮ್ಮ ಅಜ್ಜಿ ಕಾನಿಗೆ ಹೋಗುವಾಗ ಮೊದಲು ಮುಟ್ಟುತ್ತಿದ್ದುದು ಏನನ್ನಪ್ಪಾ?” ಎಂದು ಕೇಳಿದೆವು. ಅವನು ಕೊಂಚ ಯೋಚಿಸಿ, “ಉಣುಗೋಲನ್ನು” ಎಂದನು. ಮಾರನೆಯ ಬೆಳಗ್ಗೆ, ಮಂಜು ಇನ್ನೂ ಕರಗದಿರುವಾಗ, ಸವೆದು ನುಣುಪಾದ ಆ ಉಣುಗೋಲಿನ ಗಳುಗಳನ್ನು ಮುಂದಿಟ್ಟುಕೊಂಡು, ಅವುಗಳ ಆಚೆಗೆ ಹಾದಿಯೂ ಮರಗಳೂ ಬರುವಂತೆ ಒಂದೇ ಒಂದು ಚಿತ್ರವನ್ನು ತೆಗೆದನು. ಅಜ್ಜಿ ಅದನ್ನು ನೋಡಿದರು. ಗಳುವಿನ ಮೇಲೆ ಬೆರಳಿಟ್ಟರು. ಬಳಿಕ ಬೆರಳು ತಾನಾಗಿಯೇ ಹಾದಿಯನ್ನು ಹಿಡಿದು ಒಳಗೆ ಹೋಯಿತು. “ಇಲ್ಲಿ ಎಡಕ್ಕೆ ಹಲಸಿನ ಮರ ಇರಬೇಕು ನೋಡು” ಎಂದರು. ಮಂಜಿನಲ್ಲಿ ಅರ್ಧ ಮರೆಯಾಗಿ ಅದು ಅಲ್ಲಿಯೇ ಇದ್ದಿತು. ಬೇಲಿಯು ಈಗ ಬಂದಿದೆ. ಚಿತ್ರವು ಆಕೆಯ ಹಾಸಿಗೆಯ ಎದುರಿನ ಗೋಡೆಯಲ್ಲಿದೆ.

ಮುನ್ನೆಲೆಯು ಅಲಂಕಾರವಲ್ಲ, ವಿಳಾಸ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವೇಕೆ?

ಇದು ಕ್ಯಾಮೆರಾದೊಡನೆ ಹುಟ್ಟಿದ ವಿದ್ಯೆಯೂ ಅಲ್ಲ. ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದವರು ಮದನಿಕೆಯರ ಶಿಲ್ಪಗಳನ್ನು ನೋಡಿಯೇ ಇರುವರು. ಅವರಲ್ಲಿ ಹಲವರ ಮೇಲೆ ಎಲೆಬಳ್ಳಿಗಳ ಚಪ್ಪರವೊಂದು ಬಾಗಿರುವುದು. ಆ ಎಲೆಗಳನ್ನು ನೋಡಲೆಂದು ಯಾರೂ ಅಲ್ಲಿಗೆ ಹೋಗುವುದಿಲ್ಲ. ಆದರೆ ಅವುಗಳ ನೆರಳಿನಿಂದಲೇ ಮುಖವು ಎದ್ದುಕಾಣುವುದು. ಜಪಾನಿನ ಹಿರೋಶಿಗೆ ಎಂಬ ಚಿತ್ರಕಾರನು ೧೮೫೭ರಲ್ಲಿ ಒಂದು ಪ್ಲಮ್ ತೋಟವನ್ನು ಚಿತ್ರಿಸುವಾಗ, ಡೊಂಕಾದ ಕೊಂಬೆಯೊಂದನ್ನು ಕಣ್ಣಿಗೆ ಹೊಡೆಯುವಷ್ಟು ಸಮೀಪಕ್ಕೆ ತಂದು, ಅದರ ಸಂದಿನಲ್ಲಿ ತೋಟವನ್ನೂ ಬೇಲಿಯಾಚೆಗಿನ ಜನರನ್ನೂ ತೋರಿಸಿದನು. ಇದು ಯೂರೋಪಿನ ವ್ಯಾನ್ ಗೋ ಎಂಬ ಮಹಾಚಿತ್ರಕಾರನಿಗೆ ಎಷ್ಟು ಹಿಡಿಸಿತೆಂದರೆ, ಅವನು ೧೮೮೭ರಲ್ಲಿ ಅದನ್ನೇ ಎಣ್ಣೆಬಣ್ಣದಲ್ಲಿ ಪ್ರತಿಮಾಡಿದನು.

ನಮ್ಮ ಸೀಮೆಯಲ್ಲಿ ಮುನ್ನೆಲೆಗೆ ಬಡತನವಿಲ್ಲ, ಋತುವಿಗೊಂದು ಸಿಕ್ಕುವುದು. ಮಾರ್ಚಿ ಏಪ್ರಿಲುಗಳಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಗಳಾಗುವಷ್ಟರಲ್ಲಿ ಕಾಫಿಯ ರೆಕ್ಕೆಗಳು ಮಲ್ಲಿಗೆಯ ದಂಡೆಗಳಂತೆ ಬಿಳಿದಾಗುವುವು. ಆದರೆ ಆ ಸೊಬಗು ಕೆಲವೇ ದಿನಗಳದು. ಮಳೆಗಾಲದಲ್ಲಿ ಪಾಚಿ, ಜರಿಗಿಡ, ಅಣಬೆ. ಮಳೆ ಹಿಂದಾದ ಮೇಲೆ ಇಬ್ಬನಿ ಹಿಡಿದ ಜೇಡರ ಬಲೆ. ಪುಷ್ಯದ ಚಳಿಯಲ್ಲಿ ಕೆಂಪಗೆ ಮಾಗಿದ ಹಣ್ಣಿನ ಗೊಂಚಲು. ಅನಂತರ ಎಲೆಯುದುರಿದ ಹಾಲವಾಣದ ಕೆಂಪು ಹೂ. ಮೂಡಿಗೆರೆಯಲ್ಲಿ ನೆಲಸಿದ್ದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ಕಾಫಿತೋಟದ ಬಾಳಿನ ನಡುವೆಯೇ ಹಕ್ಕಿಗಳ ಛಾಯಾಚಿತ್ರಗಳನ್ನು ತೆಗೆಯುತ್ತಿದ್ದರು. ಒಳ್ಳೆಯ ಚಿತ್ರಕ್ಕಾಗಿ ದೇಶಾಂತರ ಹೋಗಬೇಕಾಗಿಲ್ಲವೆಂಬುದಕ್ಕೆ ಅವರ ಮಾದರಿಯೇ ಸಾಕು.

ಇನ್ನು ಮಾಡುವ ಕ್ರಮ. ಮೊದಲು ದೂರದಲ್ಲಿ ತೋರಿಸಬೇಕಾದುದು ಯಾವುದೆಂದು ನಿಶ್ಚಯಿಸಿಕೊಳ್ಳಬೇಕು. ಚಂದ್ರನಿಲ್ಲದೆ ಕೊಂಬೆಯಿಂದೇನು ಫಲ? ಬಳಿಕ ಅದರ ಕಡೆಗೆ ಕಣ್ಣನ್ನು ಒಯ್ಯುವ ಒಂದೇ ವಸ್ತುವನ್ನು ಮುಂದೆ ಹುಡುಕಬೇಕು. ಎರಡು ಮೂರು ಸೇರಿದರೆ ಅವು ತಮ್ಮೊಳಗೇ ಜಗಳವಾಡುವುವು. ನಿಂತಲ್ಲಿಂದ ತೆಗೆಯುವುದನ್ನು ಬಿಟ್ಟು ಮೊಣಕಾಲೂರಿ ಕುಳಿತು ನೋಡಿದರೆ ಸಣ್ಣ ಜರಿಗಿಡವೂ ದೊಡ್ಡದಾಗುವುದು. ಆದರೆ ಮುನ್ನೆಲೆಯು ಹಿಂದಿನ ಮುಖ್ಯವಸ್ತುವನ್ನು ಮುಚ್ಚಬಾರದು, ಅದಕ್ಕಿಂತ ಹೆಚ್ಚು ಬೆಳಕಿನದೂ ಆಗಬಾರದು. ಕಣ್ಣು ಬೆಳಕಿದ್ದಲ್ಲಿಯೇ ನಿಂತುಬಿಡುವ ಸ್ವಭಾವದ್ದು. ಮೋಡ ಮುಸುಕಿದ ಹೊತ್ತೂ ಮಂಜಿನ ಮುಂಜಾವೂ ಕಾಡಿಗೆ ಅತ್ಯಂತ ಪ್ರಶಸ್ತ. ಮಂಜು ಹಿಂದಿನ ಮರಗಳನ್ನು ಮೆಲ್ಲಗೆ ಅಳಿಸಿ ಮುಂದಿನದನ್ನು ಬೇರ್ಪಡಿಸಿಕೊಡುವುದು.

ಮೊಬೈಲಿನವರಿಗೆ ಹತ್ತಿರದ್ದೂ ದೂರದ್ದೂ ಬಹುಮಟ್ಟಿಗೆ ಒಟ್ಟಿಗೇ ಸ್ಪಷ್ಟವಾಗಿ ಬರುವುವು. ದೊಡ್ಡ ಕ್ಯಾಮೆರಾದವರು ಲೆನ್ಸಿನ ರಂಧ್ರವನ್ನು ಎಫ್ ೮ರಿಂದ ೧೧ರವರೆಗೆ ಕಿರಿದುಮಾಡಿಕೊಳ್ಳಬೇಕು. ಆಗ ಕಾಡಿನ ಮಂದ ಬೆಳಕಿನಲ್ಲಿ ಷಟರು ಹೆಚ್ಚು ಹೊತ್ತು ತೆರೆದಿರಬೇಕಾಗುವುದರಿಂದ ಮುಕ್ಕಾಲಿಯು ಅವಶ್ಯಕ. ಗಾಳಿಯು ನಿಲ್ಲುವ ತನಕ ಕಾಯುವ ತಾಳ್ಮೆಯೂ ಅಷ್ಟೇ ಅವಶ್ಯಕ. ಒದ್ದೆ ಎಲೆಗಳ ಮೇಲೆ ಬಿಳಿಯ ಹೊಳಪು ಕಾಣಿಸಿದರೆ ಪೋಲರೈಸರ್ ಎಂಬ ಗಾಜನ್ನು ಲೆನ್ಸಿಗೆ ಹಾಕಿ ತಿರುಗಿಸಿದರೆ ಅದು ಅಡಗಿ, ಹಸಿರು ಹಸಿರಾಗಿಯೇ ಬರುವುದು.

ಕಡೆಯದಾಗಿ ಔಚಿತ್ಯದ ಮಾತು. ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ವಾದಿಸಿದನು. ಚಿತ್ರಕ್ಕೂ ಅದು ಸಲ್ಲುವುದು. ಮುನ್ನೆಲೆ ಬೇಕೆಂದು ಹೂವಿನ ರೆಕ್ಕೆಯನ್ನು ಮುರಿದು ತಂದು ಹಿಡಿಯುವುದು, ಕಲ್ಲಿನ ಪಾಚಿಯನ್ನು ಕಿತ್ತು ಬೇರೆಡೆ ಅಂಟಿಸುವುದು, ಹೇಳದೆ ಕೇಳದೆ ಇನ್ನೊಬ್ಬರ ತೋಟಕ್ಕೆ ನುಗ್ಗುವುದು, ಇವು ಅನುಚಿತ. ಮುರಿದ ರೆಕ್ಕೆಯೆಂದರೆ ಒಬ್ಬ ಬೆಳೆಗಾರನ ಫಸಲು. ಇಲ್ಲದುದನ್ನು ತಂದಿಟ್ಟ ಚಿತ್ರವು ಮುಂದೆ ಯಾರಿಗೂ ಸಾಕ್ಷಿಯಾಗಲಾರದು. ಇನ್ನೊಂದು ಎಚ್ಚರಿಕೆ: ಆಲ್ದೂರು ಮೂಡಿಗೆರೆಗಳ ತೋಟಗಳಿಗೆ ಕಾಡಾನೆಗಳು ಬರುತ್ತಿರುವುವು, ಈಚಿನ ವರ್ಷಗಳಲ್ಲಿ ಅವುಗಳಿಂದ ಪ್ರಾಣಹಾನಿಯೂ ಆಗಿದೆ. ಕ್ಯಾಮೆರಾವನ್ನು ಕಣ್ಣಿಗೆ ಹಿಡಿದವರಿಗೆ ಎಡಬಲಗಳ ಪರಿವೆ ಇರದು. ಆದುದರಿಂದ ಒಬ್ಬರೇ ಹೋಗಬಾರದು. ತೋಟದವರು ಬೇಡವೆಂದ ದಿನ ಹೋಗಲೇಬಾರದು. ಇಂಬಳದ ಕಾಟಕ್ಕೆ ಹೊಗೆಸೊಪ್ಪೋ ಸುಣ್ಣವೋ ಇದ್ದೇ ಇದೆ. ಆನೆಗೆ ಅಂಥ ಮದ್ದಿಲ್ಲ.

ಗೃಹಸ್ಥರಲ್ಲಿ ನಮ್ಮ ಪ್ರಾರ್ಥನೆಯಿಷ್ಟೇ. ನಿಮ್ಮ ಮನೆಯ ಹಿತ್ತಿಲಿನಾಚೆಗೆ ಮರಗಳಿದ್ದರೆ, ಅವು ಇರುವಾಗಲೇ ಒಂದು ಚಿತ್ರವನ್ನು ತೆಗೆದಿಡಿರಿ. ತೆಗೆಯುವಾಗ ಮನೆಯ ಹಿರಿಯರನ್ನು ಒಮ್ಮೆ ಕೇಳಿರಿ: ಈ ಹಾದಿಯಲ್ಲಿ ನೀವು ಮೊದಲು ಮುಟ್ಟುತ್ತಿದ್ದುದು ಯಾವುದು, ಕುಳಿತು ದಣಿವಾರಿಸಿಕೊಳ್ಳುತ್ತಿದ್ದುದು ಯಾವ ಕಲ್ಲಿನ ಮೇಲೆ ಎಂದು. ಅವರು ಹೇಳಿದುದನ್ನು ಮುಂದಿಟ್ಟುಕೊಳ್ಳಿರಿ. ಕಾಡು ತಾನಾಗಿಯೇ ಅದರ ಹಿಂದೆ ಬಂದು ನಿಲ್ಲುವುದು.