ಮೋಟಾರಿನ ಕನ್ನಡಿಯೂ ಪರರ ಪ್ರಾಣವೂ

ಅಂಗೈ ಹುಣ್ಣಿಗೆ ಕನ್ನಡಿ ಬೇಡವೆಂಬ ಗಾದೆಯನ್ನು ವಾಚಕರೆಲ್ಲ ಬಲ್ಲರು. ಆದರೆ ಬೆನ್ನ ಹಿಂದಿನಿಂದ ಬರುವ ಅಪಾಯಕ್ಕೆ ಕನ್ನಡಿಯು ಬೇಕೇಬೇಕು. ಯಾದಗಿರಿ, ಶಹಾಪುರ, ಸುರಪುರಗಳ ರಸ್ತೆಗಳಲ್ಲಿ ಸಂಚರಿಸುವ ವಾಹನಗಳನ್ನು ನೋಡಿದರೆ, ಇಷ್ಟು ಸರಳವಾದ ಮಾತು ನಮ್ಮ ಜನರ ಮನಸ್ಸಿಗೆ ಇನ್ನೂ ನಾಟಿದಂತೆ ತೋರುವುದಿಲ್ಲ. ಕೆಲವರ ಕಾರಿನಲ್ಲಿ ಎಡಗಡೆಯ ಕನ್ನಡಿಯು ಸದಾ ಮಡಚಿಯೇ ಇರುತ್ತದೆ. ತರುಣರು ಹೊಸ ಬೈಕನ್ನು ಕೊಂಡು, ಅಂದಕ್ಕೆ ಕುಂದೆಂದು ಕನ್ನಡಿಗಳನ್ನು ಕಳಚಿಡುತ್ತಾರೆ. ಕನ್ನಡಿಯನ್ನು ಉಳಿಸಿಕೊಂಡವರಲ್ಲಿಯೂ ಅದನ್ನು ಸರಿಯಾಗಿ ಹೊಂದಿಸಿಕೊಂಡವರು ವಿರಳವೇ ಸರಿ.

ಬಹು ಜನ ಚಾಲಕರು ಎರಡೂ ಪಕ್ಕದ ಕನ್ನಡಿಗಳಲ್ಲಿ ತಮ್ಮ ವಾಹನದ ಮೈಯೇ ಧಾರಾಳವಾಗಿ ಕಾಣುವಂತೆ ಇಟ್ಟುಕೊಂಡಿರುತ್ತಾರೆ. ಇದರಿಂದ ಒಳಗಿನ ಕನ್ನಡಿಯು ತೋರಿಸುವ ಹಿಂದಿನ ರಸ್ತೆಯನ್ನೇ ಹೊರಗಿನ ಕನ್ನಡಿಗಳೂ ತೋರಿಸುತ್ತವೆ. ಮೂರು ಕನ್ನಡಿಗಳಿದ್ದೂ ನೋಟವು ಒಂದೇ. ವಾಹನದ ಹಿಂಬಾಗಿಲುಗಳ ಪಕ್ಕದ ಜಾಗವಾದರೋ ಯಾವ ಕನ್ನಡಿಗೂ ಸಿಕ್ಕುವುದಿಲ್ಲ, ಚಾಲಕನ ಓರೆಗಣ್ಣಿಗೂ ಬೀಳುವುದಿಲ್ಲ. ಇದನ್ನು ಬಲ್ಲವರು ‘ಬ್ಲೈಂಡ್ ಸ್ಪಾಟ್’ ಎನ್ನುತ್ತಾರೆ; ನಾವು ‘ಕುರುಡು ಎಡೆ’ ಎನ್ನೋಣ. ಒಂದು ಬೈಕು, ಅದರ ಮೇಲೆ ಗಂಡ, ಹೆಂಡತಿ, ಮಗು, ಇಷ್ಟೂ ಆ ಎಡೆಯಲ್ಲಿ ಅಡಗಿಹೋಗಲು ಸಾಧ್ಯ. ಚಾಲಕನು ಆ ಕ್ಷಣದಲ್ಲಿ ಚಕ್ರವನ್ನು ತಿರುಗಿಸಿದರೆ ಆಗುವ ಅನರ್ಥವನ್ನು ನಾವು ವರ್ಣಿಸಬೇಕಾಗಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಅಪಘಾತಗಳಿಂದ ಮಡಿದರು. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಇವೆಲ್ಲವೂ ಕನ್ನಡಿಯ ತಪ್ಪಿನಿಂದಾದ ಸಾವುಗಳೆಂದು ನಾವು ಹೇಳುವುದಿಲ್ಲ. ಆದರೆ ಕಾಣದೆ ಹೋಗುವ ಭಯವು ಯಾರಿಗೆ ಹೆಚ್ಚು ಎಂಬುದು ಇದರಿಂದ ತಿಳಿಯುತ್ತದೆ.

ಪರಿಹಾರವು ಕಾಸಿಲ್ಲದ್ದು. 1995ರಲ್ಲಿ ಅಮೇರಿಕದ ಜಾರ್ಜ್ ಪ್ಲ್ಯಾಟ್ಜರ್ ಎಂಬವರು ಕನ್ನಡಿಗಳ ರೇಖಾಗಣಿತವನ್ನು ವಿವೇಚಿಸಿ ಒಂದು ಕ್ರಮವನ್ನು ತಿಳಿಸಿದರು. ಬಲಗಡೆ ಕುಳಿತು ನಡೆಸುವ ನಮ್ಮ ವಾಹನಗಳಿಗೆ ಅದನ್ನು ಹೀಗೆ ಅನ್ವಯಿಸಬಹುದು. ಮೊದಲು ಆಸನವನ್ನೂ ಒಳಗನ್ನಡಿಯನ್ನೂ ಸರಿಪಡಿಸಿಕೊಳ್ಳಬೇಕು. ಬಳಿಕ ತಲೆಯನ್ನು ಬಲಗಡೆಯ ಕಿಟಕಿಯ ಗಾಜಿಗೆ ತಾಗುವಷ್ಟು ವಾಲಿಸಿ, ಬಲಗನ್ನಡಿಯಲ್ಲಿ ವಾಹನದ ಅಂಚು ಕಂಡೂ ಕಾಣದಂತಾಗುವವರೆಗೆ ಅದನ್ನು ಹೊರಕ್ಕೆ ತಿರುಗಿಸಬೇಕು. ಆಮೇಲೆ ತಲೆಯನ್ನು ಎರಡು ಆಸನಗಳ ನಡುವಿಗೆ ತಂದು ಎಡಗನ್ನಡಿಯನ್ನೂ ಹಾಗೆಯೇ ಹೊಂದಿಸಬೇಕು. ನೆಟ್ಟಗೆ ಕುಳಿತಾಗ ಪಕ್ಕದ ಕನ್ನಡಿಗಳಲ್ಲಿ ತನ್ನ ವಾಹನವು ಕಾಣಿಸದು. ಅದು ಕಾಣಬೇಕಾದ ಅವಶ್ಯಕತೆಯೂ ಇಲ್ಲ. ಹಿಂದಿನಿಂದ ಬರುವ ವಾಹನವು ಒಳಗನ್ನಡಿಯಿಂದ ಮರೆಯಾಗುವ ಮೊದಲೇ ಪಕ್ಕದ ಕನ್ನಡಿಯಲ್ಲಿ ಕಾಣಿಸಿ, ಅದರಿಂದ ಮರೆಯಾಗುವ ಮೊದಲೇ ಕಣ್ಣಿಗೆ ನೇರವಾಗಿ ಬಿದ್ದರೆ ಕನ್ನಡಿಗಳು ಸರಿಯಾಗಿವೆಯೆಂದು ತಿಳಿಯಬೇಕು. ಇಷ್ಟಾದರೂ ತಿರುಗುವ ಮುನ್ನ ಒಮ್ಮೆ ಕತ್ತು ಹೊರಳಿಸಿ ನೋಡುವುದನ್ನು ಬಿಡಲಾಗದು.

ಈ ಕ್ರಮವು ಹಿಂದಿನ ಗಾಜಿನ ಮೂಲಕ ರಸ್ತೆಯು ಕಾಣುವ ಕಾರುಗಳಿಗೆ ಮಾತ್ರ ಸಲ್ಲುತ್ತದೆ. ಲಾರಿಗೂ ಟ್ರ್ಯಾಕ್ಟರಿಗೂ ಒಳಗನ್ನಡಿಯ ನೆರವಿಲ್ಲ. ನಮ್ಮ ಭಾಗದ ಚಿಂತೆಯು ಇಲ್ಲಿಯೇ ಹೆಚ್ಚುತ್ತದೆ. ನಾರಾಯಣಪುರದ ಬಸವಸಾಗರದಿಂದ ಕಾಲುವೆಗಳಲ್ಲಿ ಹರಿದ ಕೃಷ್ಣೆಯ ನೀರು ಶಹಾಪುರ, ಸುರಪುರಗಳ ಬಯಲನ್ನು ಭತ್ತದ ಗದ್ದೆಗಳನ್ನಾಗಿಸಿದೆ. ಸುಗ್ಗಿಯಲ್ಲಿ ಭತ್ತವನ್ನೂ ಹತ್ತಿಯನ್ನೂ ಅಗಲಕ್ಕೆ ಮೀರಿ ಹೇರಿಕೊಂಡ ಟ್ರೇಲರುಗಳು, ಜೇವರ್ಗಿಯಿಂದ ಶಹಾಪುರ, ಸುರಪುರಗಳ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿಗೆ ಬಂದು ಸೇರುತ್ತವೆ. ಹೇರಿನ ಮರೆಯಲ್ಲಿ ಕನ್ನಡಿಯಿದ್ದರೂ ವ್ಯರ್ಥ. ಅದರ ಎಡಬದಿಯಲ್ಲಿ ನುಸುಳುವ ಬೈಕಿನವನು ಒಂದು ಮಾತನ್ನು ನೆನಪಿಡಲಿ: ಚಾಲಕನ ಮುಖವು ಕನ್ನಡಿಯಲ್ಲಿ ತನಗೆ ಕಾಣದಿದ್ದರೆ, ತಾನೂ ಚಾಲಕನಿಗೆ ಕಾಣುತ್ತಿಲ್ಲ.

ಕಾನೂನಿಗೆ ಕೊರತೆಯಿಲ್ಲ. ಹಿಂದಿನಿಂದ ಬರುವ ವಾಹನಗಳು ಚಾಲಕನಿಗೆ ಸ್ಪಷ್ಟವಾಗಿ ಕಾಣುವಂತೆ ಕನ್ನಡಿಯಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ವಿಧಿಸಿವೆ. ಕೊರತೆಯಿರುವುದು ಶಿಕ್ಷಣಕ್ಕೆ. ಪರವಾನಗಿಯ ಪರೀಕ್ಷೆಯಲ್ಲಿ ಎಂಜಿನನ್ನು ಚಾಲೂ ಮಾಡುವ ಮೊದಲು ಅಭ್ಯರ್ಥಿಯು ಮೂರು ಕನ್ನಡಿಗಳನ್ನೂ ತಾನೇ ಹೊಂದಿಸಿ ತೋರಿಸಬೇಕೆಂದು ಸಾರಿಗೆಯ ಅಧಿಕಾರಿಗಳು ಕಟ್ಟುನಿಟ್ಟು ಮಾಡಲಿ. ಮಿತಿ ಮೀರಿದ ಹೇರನ್ನೂ ಕನ್ನಡಿಯಿಲ್ಲದ ಬೈಕನ್ನೂ ಪೊಲೀಸರು ಸಣ್ಣ ತಪ್ಪೆಂದು ಬಿಡದಿರಲಿ. ಇನ್ನೊಂದು ಮಾತು. ಪಕ್ಕದ ಉಬ್ಬುಗನ್ನಡಿಯಲ್ಲಿ ವಾಹನಗಳು ಇರುವುದಕ್ಕಿಂತ ದೂರ ಕಾಣಿಸುತ್ತವೆ. ಈ ಎಚ್ಚರಿಕೆಯನ್ನು ಕನ್ನಡಿಯ ಮೇಲೆ ಇಂಗ್ಲಿಷಿನಲ್ಲಿ ಕೆತ್ತಿ ಬಿಡುತ್ತಾರೆ. ಪ್ರಾಣವನ್ನು ಕಾಯಬೇಕಾದ ಮಾತು ಕಾಯಬೇಕಾದವನಿಗೇ ತಿಳಿಯದ ಭಾಷೆಯಲ್ಲಿದ್ದರೆ ಅದರ ಪ್ರಯೋಜನವೇನು? ಕನ್ನಡ ನಾಡಿನಲ್ಲಿ ಮಾರುವ ವಾಹನಕ್ಕೆ ಕನ್ನಡದಲ್ಲಿಯೂ ಒಂದು ಸಾಲನ್ನು ಬರೆಯುವುದು ದೊಡ್ಡ ವೆಚ್ಚವೇನಲ್ಲ. ಚಾಲನಾ ಶಾಲೆಗಳೂ ಈ ಪಾಠವನ್ನು ತಿಳಿಗನ್ನಡದಲ್ಲಿ ಹೇಳಿಕೊಡಬೇಕು.

1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳಿಕೆಯಿಂದ ಬಿಡುಗಡೆ ಹೊಂದಿದ ನಾಡು ಇದು. ದೊರೆಯ ಭಯದಿಂದ ನಡೆಯುವ ಕಾಲವು ಅಂದಿಗೇ ಮುಗಿಯಿತು. ಸ್ವತಂತ್ರ ಪ್ರಜೆಯು ಪೊಲೀಸಿನವನ ಲಾಠಿಗಾಗಿ ಕಾಯಬಾರದು. ತನ್ನಂತೆಯೇ ರಸ್ತೆಯ ಮೇಲಿರುವ ಇನ್ನೊಬ್ಬನ ಪ್ರಾಣಕ್ಕೆ ತಾನೇ ಹೊಣೆಯೆಂದು ತಿಳಿಯಬೇಕು. ಕಾರುಗಳಲ್ಲಿ ಓಡಾಡುವ ಅಧಿಕಾರಿಗಳೂ ವಕೀಲರೂ ವರ್ತಕರೂ ಇತರರಿಗೆ ಬುದ್ಧಿ ಹೇಳುವ ಮೊದಲು ನಾಳೆ ಮುಂಜಾನೆ ತಮ್ಮ ಕನ್ನಡಿಗಳನ್ನು ತಾವು ಸರಿಪಡಿಸಿಕೊಳ್ಳಲಿ. ಅದಕ್ಕೆ ತಗಲುವ ಹೊತ್ತು ಎರಡು ನಿಮಿಷ ಮಾತ್ರ.