ಕಾಗದದ ಓಟ, ರಸ್ತೆಯ ಓಟ

ರಾಜಧಾನಿಯಲ್ಲಿ ವಿದ್ಯುತ್ ಕಾರುಗಳು ಹೆಚ್ಚುತ್ತಿರುವುದನ್ನು ವಾಚಕರು ಬಲ್ಲರು. ಸಾಲ ಮಾಡಿಯಾದರೂ ಇಂಥದೊಂದನ್ನು ಕೊಳ್ಳಬೇಕೆಂದಿರುವ ಗುಮಾಸ್ತರೂ, ಹೋಟೆಲಿನ ಕೆಲಸ ಬಿಟ್ಟು ಟ್ಯಾಕ್ಸಿ ನಡೆಸಬೇಕೆಂದಿರುವ ತರುಣರೂ ನಮ್ಮವರಲ್ಲಿದ್ದಾರೆ. ಒಮ್ಮೆ ಚಾರ್ಜು ಮಾಡಿದರೆ ಕಾರು ಎಷ್ಟು ದೂರ ಓಡುವುದೆಂಬುದೇ ಇವರೆಲ್ಲರ ಮೊದಲ ಪ್ರಶ್ನೆ. ಇದಕ್ಕೆ ದೊರೆಯುವ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬುದನ್ನು ದೆಹಲಿಯದೇ ಒಂದು ಪ್ರಕರಣವು ತಿಳಿಸುತ್ತದೆ.

2020ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರು 312 ಕಿಲೋಮೀಟರ್ ಓಡುವುದೆಂದು ಪ್ರಮಾಣಪತ್ರವಿತ್ತು. ತಮ್ಮ ಕಾರು ಎಂದೂ ಅಷ್ಟು ಓಡಲಿಲ್ಲವೆಂದು ಗ್ರಾಹಕರೊಬ್ಬರು ದೂರಿತ್ತರು. 2021ರ ಮಾರ್ಚ್ ತಿಂಗಳಲ್ಲಿ ದೆಹಲಿ ಸರಕಾರವು ಆ ಮಾದರಿಯ ಸಹಾಯಧನವನ್ನು ತಡೆಹಿಡಿಯಿತು; ಅದೇ ತಿಂಗಳು ಹೈಕೋರ್ಟು ಆ ಆಜ್ಞೆಗೆ ತಡೆ ಕೊಟ್ಟಿತು. ಓಟವು ಚಾಲಕನ ಅಭ್ಯಾಸವನ್ನೂ ಎ.ಸಿ.ಯ ಬಳಕೆಯನ್ನೂ ರಸ್ತೆಯ ಸ್ಥಿತಿಯನ್ನೂ ಅವಲಂಬಿಸಿದೆ ಎಂಬುದು ಕಂಪನಿಯ ವಾದವಾಗಿತ್ತು.

ವಾದದಲ್ಲಿ ಸತ್ಯವಿಲ್ಲದಿಲ್ಲ. ಪರೀಕ್ಷೆಯು ನಡೆಯುವುದು ಉರುಳೆಗಳ ಮೇಲೆ, ಗೊತ್ತುಪಡಿಸಿದ ವೇಗದಲ್ಲಿ, ಎ.ಸಿ. ಹಾಕದೆ. ಆ ಕಾರಿನ ಬ್ಯಾಟರಿಯು 30.2 ಯೂನಿಟ್‌ನದು. ಎ.ಸಿ.ಗೆ ಗಂಟೆಗೆ ಒಂದೂವರೆ ಯೂನಿಟ್ ಎಂದು ಹಿಡಿದರೂ, ಜೂನ್ ತಿಂಗಳ ಬಿಸಿಲಿನಲ್ಲಿ ಗುರುಗ್ರಾಮದ ದಾರಿಯಲ್ಲಿ ಎರಡು ಗಂಟೆ ಸಿಕ್ಕಿಬಿದ್ದರೆ, ಹತ್ತರಲ್ಲೊಂದು ಪಾಲು ಶಕ್ತಿಯು ಚಕ್ರಕ್ಕೆ ತಲುಪದೆಯೇ ತೀರಿತು. ಯಮುನಾ ಎಕ್ಸ್‌ಪ್ರೆಸ್ ದಾರಿಯಲ್ಲಿ ಅರವತ್ತರ ವೇಗವನ್ನು ನೂರಕ್ಕೇರಿಸಿದರೆ ಗಾಳಿಯ ತಡೆಯು ಮೂರು ಪಟ್ಟಿನ ಸಮೀಪಕ್ಕೆ ಹೋಗುವುದು. ಪೌಷ ಮಾಸದ ಚಳಿಯಲ್ಲಿ ಬ್ಯಾಟರಿಯೇ ಜಡವಾಗುತ್ತದೆ. ಪೆಟ್ರೋಲು ಕಾರಿಗೆ ಇಂಜಿನಿನ ಬಿಸಿಯು ಬಿಟ್ಟಿಯಾಗಿ ದೊರೆತರೆ, ಇದು ತನ್ನ ಬ್ಯಾಟರಿಯಿಂದಲೇ ಒಳಗನ್ನು ಬೆಚ್ಚಗಾಗಿಸಬೇಕು.

ಚಾಲಕನ ಕೈಗುಣವೂ ಸುಳ್ಳಲ್ಲ. ಒಂದೇ ಸಿಲಿಂಡರು ಒಬ್ಬ ಭಟ್ಟರ ಒಲೆಯಲ್ಲಿ ಹೆಚ್ಚು ದಿನ, ಇನ್ನೊಬ್ಬರ ಒಲೆಯಲ್ಲಿ ಕಡಿಮೆ ದಿನ ಬರುವುದನ್ನು ಹೋಟೆಲಿನವರಿಗೆ ನಾವು ಹೇಳಬೇಕೆ? ಮುಂದಿನ ಸಿಗ್ನಲನ್ನು ಮೊದಲೇ ಕಂಡು ಕಾಲು ಸಡಿಲಿಸುವವನ ಕಾರಿನಲ್ಲಿ, ವೇಗ ಇಳಿಯುವಾಗ ಮೋಟಾರು ಒಂದಿಷ್ಟು ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ; ರಭಸದಿಂದ ನುಗ್ಗಿ ಗಕ್ಕನೆ ನಿಲ್ಲಿಸುವವನು ಅದರ ಬಹುಭಾಗವನ್ನು ಕಳೆದುಕೊಳ್ಳುತ್ತಾನೆ.

ಆದರೆ ಬಾಡಿಗೆಯ ಟ್ಯಾಕ್ಸಿಯವನು 45 ಡಿಗ್ರಿ ಸೆಕೆಯಲ್ಲಿ ಪ್ರಯಾಣಿಕರಿಗೆ ಎ.ಸಿ. ಇಲ್ಲವೆನ್ನಬಲ್ಲನೆ? ಅಭ್ಯಾಸವನ್ನು ತಿದ್ದಿಕೊಳ್ಳಬಹುದು, ಹವೆಯನ್ನು ತಿದ್ದಲಾಗದು. ಆ ನಷ್ಟವನ್ನು ಹೊರುವವನು ಕಾರು ಮಾಡಿದವನಲ್ಲ, ಕಂತು ಕಟ್ಟುವವನು. ಆದುದರಿಂದ ಎಲ್ಲವನ್ನೂ ಚಾಲಕನ ತಲೆಗೆ ಕಟ್ಟುವುದು ನಮಗೆ ಸರಿಕಾಣದು. 2024ರಲ್ಲಿ ಅದೇ ಕಂಪನಿಯು ಪರೀಕ್ಷೆಯ ಅಂಕಿಯೊಂದಿಗೆ ರಸ್ತೆಯ ಅಂಕಿಯನ್ನೂ ಪ್ರಕಟಿಸತೊಡಗಿದ್ದು ಯೋಗ್ಯವಾದ ಕ್ರಮ. 45 ಯೂನಿಟ್‌ನ ನೆಕ್ಸಾನಿಗೆ ಮೊದಲನೆಯದು 489 ಕಿಲೋಮೀಟರ್, ಎರಡನೆಯದು 350ರಿಂದ 370. ಸಾಲದ ಅರ್ಜಿಗೆ ಸಹಿ ಹಾಕುವವರು ಎರಡನೆಯ ಅಂಕಿಯಿಂದಲೇ ಲೆಕ್ಕ ಹಿಡಿಯಲಿ. ಜನವರಿ ಮತ್ತು ಜೂನ್ ತಿಂಗಳುಗಳಿಗೆ ಅದರಲ್ಲಿಯೂ ಒಂದಿಷ್ಟು ಕಳೆಯಲಿ.