ಕಂಠಪಾಠವೋ, ಕಂಠಶೋಷಣೆಯೋ?

ಸ್ಮೃತಿಯ ಬಲದಿಂದಲೇ ಉಳಿದು ಬಂದ ಧರ್ಮ ನಮ್ಮದು. ಶ್ರುತವು ಲುಪ್ತವಾದೀತೆಂದು ಗಿರಿನಗರದಲ್ಲಿ ಚಿಂತಿಸಿದ ಧರಸೇನಾಚಾರ್ಯರು ಪುಷ್ಪದಂತ, ಭೂತಬಲಿಗಳೆಂಬ ಇಬ್ಬರು ಮುನಿಗಳನ್ನು ಕರೆಸಿ ತಾವು ಧಾರಣೆ ಮಾಡಿದ್ದನ್ನು ಅವರಿಗೆ ಒಪ್ಪಿಸಿದರು. ಅದು ಷಟ್ಖಂಡಾಗಮವಾಯಿತು, ಮೂಡುಬಿದಿರೆಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿ ಉಳಿಯಿತು. ಆದುದರಿಂದ ಕಂಠಪಾಠವನ್ನು ಹಳಿಯುವ ಅಧಿಕಾರ ಜೈನನಾದ ಯಾವನಿಗೂ ಇಲ್ಲ. ಆದರೆ ಇಂದು ನಮ್ಮ ಮಕ್ಕಳು ಕಾಲೇಜುಗಳಲ್ಲಿ ಕಂಠಪಾಠವೆಂಬ ಹೆಸರಿನಲ್ಲಿ ಮಾಡುತ್ತಿರುವುದು ಆ ಪರಂಪರೆಯ ಮುಂದುವರಿಕೆಯಲ್ಲ, ಅದರ ಅಣಕ. ಅದಕ್ಕೆ ನಮ್ಮ ಬಸದಿಗಳ ಟ್ರಸ್ಟುಗಳೇ ಹಾರ ಹಾಕುತ್ತಿವೆ ಎಂಬುದು ನನ್ನ ಆಕ್ಷೇಪ.

ಹುಲಿಹೈದರ, ಕನಕಗಿರಿಯ ಕಡೆಯಿಂದ ಗಂಗಾವತಿಗೋ ಕೊಪ್ಪಳಕ್ಕೋ ಕಾಲೇಜಿಗೆ ಹೋಗುವ ಹುಡುಗರನ್ನು ವಿಚಾರಿಸಿ ನೋಡಿರಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವನು ಬಿ.ಕಾಂ.ನಲ್ಲಿ ಒಮ್ಮೆಲೇ ಇಂಗ್ಲಿಷಿನ ಹೊಳೆಗೆ ಬೀಳುತ್ತಾನೆ. ಪಠ್ಯ ತಿಳಿಯದು, ಗೈಡು ಕೈಗೆ ಸಿಗುತ್ತದೆ. ಹತ್ತು ಪ್ರಶ್ನೆಗಳಿಗೆ ಹತ್ತು ಉತ್ತರಗಳನ್ನು ಅಕ್ಷರ ಬಿಡದೆ ಉರು ಹೊಡೆಯುತ್ತಾನೆ. ಪ್ರಶ್ನೆಯ ಒಂದು ಪದ ಬದಲಾದರೆ ದಿಕ್ಕು ತಪ್ಪುತ್ತಾನೆ. ಇಂಥವನಿಗಾಗಿ ಪೇಟೆಯಲ್ಲಿ ನೆನಪಿನ ಶಕ್ತಿಯ ಶಿಬಿರಗಳಿವೆ. ಮೊದಲಕ್ಷರಗಳನ್ನು ಕೂಡಿಸಿ ಪದ ಕಟ್ಟುವುದು, ಮನೆಯ ಒಂದೊಂದು ಕೋಣೆಯಲ್ಲಿ ಒಂದೊಂದು ಅಂಶವನ್ನು ಇಟ್ಟಂತೆ ಕಲ್ಪಿಸುವುದು, ವಿಚಿತ್ರ ಚಿತ್ರಗಳಿಗೆ ವಿಷಯವನ್ನು ಗಂಟು ಹಾಕುವುದು ಇವೇ ಅಲ್ಲಿನ ವಿದ್ಯೆ. ಗೈಡಿನಲ್ಲಿ ತಿಳಿಯದೆ ಉಳಿದದ್ದು ಈ ವಿದ್ಯೆಯಿಂದ ತಿಳಿಯುವುದಿಲ್ಲ. ತಿಳಿಯದೆಯೇ ಇನ್ನಷ್ಟು ದಿನ ತಲೆಯಲ್ಲಿ ಉಳಿಯುತ್ತದೆ, ಅಷ್ಟೆ.

"ಅಂಕ ಬಂತಲ್ಲ, ಪದವಿ ಸಿಕ್ಕಿತಲ್ಲ, ನಿಮಗೇನು ತೊಂದರೆ?" ಎಂದು ಕೇಳುವ ತಂದೆತಾಯಿಗಳಿದ್ದಾರೆ. ವ್ಯಾಪಾರಿಯಾಗಿ ಉತ್ತರ ಹೇಳುತ್ತೇನೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯವ್ರತದ ಅತಿಚಾರಗಳನ್ನು ಎಣಿಸುವಾಗ ಉಮಾಸ್ವಾಮಿಗಳು ಪ್ರತಿರೂಪಕ ವ್ಯವಹಾರವನ್ನೂ ಸೇರಿಸಿದ್ದಾರೆ. ಅಸಲಿನಂತೆ ಕಾಣುವ ನಕಲಿಯನ್ನು ಅಸಲೆಂದು ಸಾಗಿಸುವುದೇ ಅದು. ಸೋನಾ ಮಸೂರಿಯ ಚೀಲದಲ್ಲಿ ಬೇರೆ ಅಕ್ಕಿ ಬೆರೆಸಿ ಮಾರಿದವನನ್ನು ಗಂಗಾವತಿಯ ಪೇಟೆ ಕ್ಷಮಿಸದು. ಅರ್ಥವರಿಯದ ಉತ್ತರವನ್ನು ತನ್ನ ಜ್ಞಾನವೆಂದು ಪರೀಕ್ಷಕನಿಗೆ ಒಪ್ಪಿಸುವುದು ಬೇರೇನು? ಮಗುವನ್ನು ನಾನು ಕಳ್ಳನೆನ್ನುತ್ತಿಲ್ಲ; ಬೇರೆ ದಾರಿಯನ್ನೇ ಅದಕ್ಕೆ ಯಾರೂ ತೋರಿಸಲಿಲ್ಲ. ದೋಷ ಆ ಸರಕಿಗೆ ಮುದ್ರೆ ಒತ್ತುವ ಹಿರಿಯರದು. ನಾಳೆ ಅದೇ ಹುಡುಗ ಅಂಗಡಿಯಲ್ಲಿ ಕುಳಿತಾಗ, ಉದ್ರಿಯ ಮೇಲೆ ತಂದ ತಕ್ಕಡಿಯನ್ನು ಯಾವ ಖಾತೆಗೆ ಖರ್ಚು ಬರೆಯಬೇಕು, ಯಾರ ಹೆಸರಿಗೆ ಜಮಾ ಮಾಡಬೇಕು ಎಂದರೆ ತಬ್ಬಿಬ್ಬಾಗುತ್ತಾನೆ. ಜಮಾ-ಖರ್ಚಿನ ಸೂತ್ರಗಳು ಮೂರೂ ಅವನ ನಾಲಗೆಯ ಮೇಲಿವೆ!

ಶಾಸ್ತ್ರವಾದರೂ ಏನು ಹೇಳುತ್ತದೆ? ಸ್ವಾಧ್ಯಾಯವು ಐದು ಬಗೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಓದು, ಪ್ರಶ್ನೆ, ಚಿಂತನೆಗಳಾದ ಮೇಲೆ ನಾಲ್ಕನೆಯದಾಗಿ ಶುದ್ಧ ಉಚ್ಚಾರಣೆಯ ಪುನರಾವರ್ತನೆ ಬರುತ್ತದೆ. ಶ್ವೇತಾಂಬರ ಆಗಮಗಳಲ್ಲಿ ಪರಿವರ್ತನೆಯು ಅನುಪ್ರೇಕ್ಷೆಗಿಂತ ಮೊದಲು ಬರುತ್ತದೆಂದು ಬಲ್ಲವರು ಹೇಳಬಹುದು. ನಿಜ, ಆದರೆ ಅಲ್ಲಿಯೂ ಪ್ರಶ್ನೆ ಕೇಳಿದ ನಂತರವೇ ಅದರ ಸ್ಥಾನ. ಮತಿಜ್ಞಾನದ ಕ್ರಮವೂ ಇಂಥದೇ: ಅವಗ್ರಹ, ಈಹಾ, ಅವಾಯ, ಧಾರಣಾ. ವಸ್ತುವನ್ನು ಗ್ರಹಿಸಿ, ಅದೇನೆಂದು ವಿಚಾರಿಸಿ, ಇಂಥದ್ದೆಂದು ನಿಶ್ಚಯಿಸಿದ ಮೇಲೆ ನೆನಪಿನಲ್ಲಿ ನಿಲ್ಲಿಸುವುದು. ಮೂರು ಮೆಟ್ಟಿಲು ಬಿಟ್ಟು ನಾಲ್ಕನೆಯದಕ್ಕೆ ಹಾರುವುದನ್ನು ಯಾವ ಆಚಾರ್ಯರೂ ಕಲಿಸಲಿಲ್ಲ.

ಪಶ್ಚಿಮದ ಮನಶ್ಶಾಸ್ತ್ರವೂ ಬೇರೆ ಮಾತು ಹೇಳುತ್ತಿಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೆಯೇ ಮಾಡಿಕೊಂಡ ಪ್ರಯೋಗಗಳನ್ನು ಪ್ರಕಟಿಸಿದನು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಉರು ಹೊಡೆದರೆ ಒಂದೇ ದಿನದಲ್ಲಿ ಕಲಿತ ಶ್ರಮದ ಸುಮಾರು ಮೂರರಲ್ಲಿ ಎರಡು ಪಾಲು ವ್ಯರ್ಥವಾಗುತ್ತಿತ್ತು. ಅರ್ಥವಿದ್ದ ಪದ್ಯಕ್ಕೆ ಸುಮಾರು ಹತ್ತರಲ್ಲಿ ಒಂದು ಪಾಲು ಶ್ರಮ ಸಾಕಾಗುತ್ತಿತ್ತು. ಇಂಗ್ಲಿಷ್ ತಿಳಿಯದ ಹುಡುಗನಿಗೆ ಗೈಡಿನ ಪುಟವು ಅರ್ಥವಿಲ್ಲದ ಅಕ್ಷರಗುಚ್ಛವಲ್ಲದೆ ಮತ್ತೇನು? ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇನ್ನೊಂದನ್ನು ತೋರಿಸಿದರು. ಪಾಠವನ್ನು ಎರಡನೆಯ ಬಾರಿ ಓದಿದವರಿಗೆ ವಾರದ ನಂತರ ಶೇಕಡಾ 42ರಷ್ಟು ನೆನಪಿತ್ತು. ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆದವರಿಗೆ ಶೇಕಡಾ 56ರಷ್ಟು. 2013ರಲ್ಲಿ ಡನ್ಲೋಸ್ಕಿ ಮತ್ತು ಸಂಗಡಿಗರು ಹತ್ತು ಅಧ್ಯಯನ ಕ್ರಮಗಳನ್ನು ತೂಗಿ ನೋಡಿ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದಕ್ಕೂ ದಿನಗಳ ಅಂತರ ಬಿಟ್ಟು ಓದುವುದಕ್ಕೂ ಮೇಲಿನ ಸ್ಥಾನ ಕೊಟ್ಟರು. ಪದಕ್ಕೆ ಚಿತ್ರ ಗಂಟು ಹಾಕುವ ಉಪಾಯ ಕೆಳಗಿನ ಸಾಲಿನಲ್ಲಿ ಉಳಿಯಿತು. ಶಿಬಿರಗಳಲ್ಲಿ ಹಣ ಪಡೆದು ಮಾರುತ್ತಿರುವುದು ಈ ಕೆಳಗಿನ ಸಾಲಿನ ಸರಕನ್ನೇ.

ಸ್ಮರಣಶಕ್ತಿಯ ಶಿಖರವನ್ನೇ ಕಂಡ ಶ್ರಾವಕರೊಬ್ಬರ ನಿದರ್ಶನ ನಮ್ಮಲ್ಲಿದೆ. ಶ್ರೀಮದ್ ರಾಜಚಂದ್ರರು 1887ರಲ್ಲಿ ಮುಂಬಯಿಯಲ್ಲಿ ಶತಾವಧಾನ ಮಾಡಿ ತೋರಿಸಿದಾಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ತಾವು ಹೇಳಿದ ನಾನಾ ಭಾಷೆಗಳ ಪದಗಳನ್ನು ಅವರು ಅದೇ ಕ್ರಮದಲ್ಲಿ ಒಪ್ಪಿಸಿದ್ದನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಆದರೆ ತಮ್ಮನ್ನು ಸೆರೆಹಿಡಿದದ್ದು ಆ ಶಕ್ತಿಯಲ್ಲವೆಂದೂ ಸ್ಪಷ್ಟಪಡಿಸಿದ್ದಾರೆ. ಸ್ವತಃ ರಾಜಚಂದ್ರರೇ ಆ ಪ್ರದರ್ಶನಗಳನ್ನು ಯೌವನದಲ್ಲಿಯೇ ತೊರೆದು, ಮುತ್ತುರತ್ನಗಳ ವ್ಯಾಪಾರ ಮಾಡುತ್ತಲೇ ಆತ್ಮಚಿಂತನೆಗೆ ತಿರುಗಿದರು. ಅಂಥವರು ಬಿಟ್ಟದ್ದನ್ನು ನಾವು ಟ್ರಸ್ಟಿನ ಹಣದಿಂದ ಕೊಳ್ಳಬೇಕೇ?

ಇನ್ನೊಂದು ಪಕ್ಷದವರಿಗೂ ಒಂದು ಮಾತು. "ಎಲ್ಲವೂ ಮೊಬೈಲಿನಲ್ಲಿದೆ, ನೆನಪೇಕೆ?" ಎನ್ನುವವರು ಗಿರಾಕಿಯ ಮುಂದೆ ನಿಂತವರಲ್ಲ. ನಮ್ಮ ಹಿರಿಯರು ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನು ಬಾಯಿಪಾಠ ಮಾಡಿದ್ದರು. ದರ ಹೇಳುವಷ್ಟರಲ್ಲಿ ಮೊತ್ತ ಹೇಳುತ್ತಿದ್ದರು. ಆ ಮಗ್ಗಿ ಅರ್ಥವಾದ ಮೇಲೆ ನಿಂತ ನೆನಪು. ದಿನವೂ ಬಳಕೆಯಾಗಿ ಹರಿತವಾದ ನೆನಪು. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯರು ಸೂತ್ರಗಳನ್ನು ಶ್ಲೋಕವಾಗಿಸಿದ್ದಲ್ಲದೆ, ಬಿಡಿಸಲು ಲೆಕ್ಕಗಳನ್ನೂ ಕೊಟ್ಟರು. ನೆನಪಿಡಬೇಕಾದದ್ದು ಒಂದು, ಬಿಡಿಸಬೇಕಾದದ್ದು ಇನ್ನೊಂದು, ಎರಡೂ ಬೇಕು.

ಆದುದರಿಂದ ಟ್ರಸ್ಟುಗಳ ಪದಾಧಿಕಾರಿಗಳಲ್ಲಿ ನನ್ನ ಆಗ್ರಹ ಇಷ್ಟು. ಮಹಾವೀರ ಜಯಂತಿಯಂದು ಅಂಕಪಟ್ಟಿಯನ್ನಷ್ಟೇ ನೋಡಿ ಪ್ರತಿಭಾ ಪುರಸ್ಕಾರ ಹಂಚುವುದನ್ನು ನಿಲ್ಲಿಸಿರಿ. ವಿದ್ಯಾರ್ಥಿವೇತನ ಕೊಡುವ ಮುನ್ನ ಆ ವಿಷಯ ಬಲ್ಲವರೊಬ್ಬರು ಹತ್ತು ನಿಮಿಷ ಕನ್ನಡದಲ್ಲಿ ಮಾತನಾಡಿಸಲಿ. ಓದಿದ್ದನ್ನು ಮನೆಮಾತಿನಲ್ಲಿ ಹೇಳಬಲ್ಲವನಿಗೆ ಮೊದಲ ಮನ್ನಣೆ ಇರಲಿ. ಬಡತನದ ಕಾರಣಕ್ಕೆ ಕೊಡುವ ನೆರವಿಗೆ ಮಾತ್ರ ಈ ಪರೀಕ್ಷೆ ಬೇಡ. ಶಿಬಿರಕ್ಕೆ ತೆರುವ ಹಣದಲ್ಲಿ ಪದವಿಯ ಮೊದಲ ವರ್ಷದವರಿಗೆ ಇಂಗ್ಲಿಷನ್ನೂ ಲೆಕ್ಕಶಾಸ್ತ್ರವನ್ನೂ ಕನ್ನಡದ ಮೂಲಕ ತಿಳಿಸುವ ಸಂಜೆಯ ತರಗತಿ ನಡೆಸಿರಿ; ನಿವೃತ್ತರಾದ ಉಪನ್ಯಾಸಕರೂ ಲೆಕ್ಕ ಬಲ್ಲ ವ್ಯಾಪಾರಿಗಳೂ ಪ್ರತಿ ಊರಿನಲ್ಲಿದ್ದಾರೆ. ಪಾಠಶಾಲೆಯಲ್ಲಿ ಭಕ್ತಾಮರದ 48 ಶ್ಲೋಕಗಳನ್ನು ಒಪ್ಪಿಸಿದ ಮಗುವಿಗೆ ಬಹುಮಾನ ಕೊಡುವಾಗ ಯಾವುದಾದರೂ ಒಂದು ಶ್ಲೋಕದ ತಾತ್ಪರ್ಯ ಕೇಳಿರಿ. ಹೇಳಲಾರದಿದ್ದರೆ ಮಗುವನ್ನು ಗದರಿಸಬೇಡಿರಿ, ಕಲಿಸಿದವರನ್ನು ಕೇಳಿರಿ.

ಮನೆಗಳಲ್ಲಿ ಮಾಡಬೇಕಾದದ್ದು ಇನ್ನೂ ಸುಲಭ. ರಾತ್ರಿ ಮಗ ಪುಸ್ತಕ ಮುಚ್ಚಿದಾಗ "ಎಷ್ಟು ಪುಟ ಆಯಿತು?" ಎನ್ನುವುದನ್ನು ಬಿಟ್ಟು "ಏನು ಓದಿದೆ, ನನಗೆ ತಿಳಿಯುವಂತೆ ಹೇಳಪ್ಪಾ" ಎನ್ನಿರಿ. ಅವನು ಹೇಳಿದರೆ ಪೃಚ್ಛನೆ, ಅನುಪ್ರೇಕ್ಷೆ, ಧಾರಣೆ ಮೂರೂ ನಡೆದಂತಾಯಿತು. ಹೇಳಲಾರದಿದ್ದರೆ ಪುಸ್ತಕವನ್ನು ಮತ್ತೆ ತೆರೆಯಬೇಕಾದ ಪುಟ ಯಾವುದೆಂದು ಅವನಿಗೇ ತಿಳಿದೀತು.